ನೀಲಿ ಚುಕ್ಕಿಯ ಪಾಠ

ನಮ್ಮ ಸರ್ ಅವರ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿತ್ತು. ಉರಿಬಿಸಿಲಿರಲಿ, ಮೋಡ ಕವಿದಿರಲಿ, ಅಷ್ಟೇ. ಔಷಧ ಅಂಗಡಿ ನಡೆಸುವವನು ನಾನು, ಅದರ ಅರ್ಥ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಸಿಂದಗಿಯ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. ಎರಡೂ ಕೈಯಲ್ಲಿ ಸೀಮೆಸುಣ್ಣ ಹಿಡಿದು ಮಿದುಳಿನ ಎಡಬಲ ಭಾಗಗಳನ್ನು ಒಮ್ಮೆಲೇ ಬರೆಯುತ್ತಿದ್ದರು. ತಪ್ಪು ಉತ್ತರ ಹೇಳಿದರೆ, "ಭೇಷ್, ಈಗ ಖರೇದು ಹೇಳು" ಅನ್ನುವರು. ಮುಂದೆ ಅವರು ಕೊಲ್ಹಾರದ ಸೇತುವೆಯ ಹತ್ತಿರ ಬೈಕಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದಾಗ ಡಾಕ್ಟರು ಒಂದು ತಿಂಗಳಿಗೆ ನೋವಿನ ಗುಳಿಗೆ ಬರೆದರು, ಅಫೀಮಿನ ಜಾತಿಯದು, ಪಾಪೆ ಕುಗ್ಗಿಸುವಂಥದು. ನಾನು ಮೂರು ವರ್ಷ ಕೊಟ್ಟೆ. ಕಲಿಸಿದ ಗುರುವಿಗೆ ಚೀಟಿ ಎಲ್ಲಿ ಎಂದು ಕೇಳಲು ನಾಲಿಗೆ ಏಳಲಿಲ್ಲ. ದಿನಕ್ಕೆ ಎರಡಿದ್ದದ್ದು ಹತ್ತಾಯಿತು.

ಒಂದು ದಿನ ಅವರೇ ಮನೆಗೆ ಕರೆಸಿದರು. "ಇವತ್ತಿಂದ ಬಂದ್ ಮಾಡೇನಿ. ಕುಂದರು, ಪಾಠ ಹೇಳ್ತೇನಿ. ಮಿದುಳಿನ ಬುಡದಾಗ ಒಂದು ನೀಲಿ ಚುಕ್ಕಿ ಐತಿ. ನಮ್ಮನ್ನ ಎಚ್ಚರ ಇಡೋದು ಅದು. ಗುಳಿಗಿ ಅದನ್ನ ಒತ್ತಿ ಹಿಡಿತೈತಿ. ಅದೇನು ಸುಮ್ನಿರಂಗಿಲ್ಲ, ದಿನಾ ಜೋರು ಹೆಚ್ಚ ಮಾಡಕೋತ ಹೋಗತೈತಿ. ಗುಳಿಗಿ ತಗದ್ರ ಆ ಜೋರೆಲ್ಲಾ ಒಮ್ಮಿಗೇ ಮೈಮ್ಯಾಲ ಬರತೈತಿ. ನಾಳಿ ನಾನ ಬೇಡ್ತೇನಿ. ಕೊಡಬ್ಯಾಡ."

"ದವಾಖಾನಿಗೆ ಹೋಗೂಣು ಬರ್ರಿ ಸರ್" ಎಂದೆ.

"ಬ್ಯಾಡ. ಮಾಸ್ತರ ನಶಾಕ್ಕ ಬಿದ್ದಾನಂತ ಊರೆಲ್ಲಾ ಆಗತೈತಿ."

ನಾನು ಅವರ ಮನೆಯಲ್ಲೇ ಉಳಿದೆ. ಮರುದಿನ ಆಕಳಿಕೆ, ಮೂಗಿನಲ್ಲಿ ನೀರು, ಸೆಕೆಯಲ್ಲೂ ಮೈಯೆಲ್ಲ ಮುಳ್ಳು. ಮೂರನೆಯ ದಿನ ವಾಂತಿ, ಭೇದಿ. ಕಾಲುಗಳು ತಾವಾಗಿಯೇ ಒದೆಯುತ್ತಿದ್ದವು. ಪಾಪೆ ಕಣ್ಣಿನ ತುಂಬ ಹರಡಿತ್ತು. ನನ್ನ ಕಾಲು ಹಿಡಿದರು. "ಒಂದ ಕೊಡೋ. ನಿನಗ ಸಾಲಿ ಕಲಿಸೇನಲೋ." ಅಳುತ್ತಾ ಕೂತೆ, ಕೊಡಲಿಲ್ಲ. ಹಾಳಾಗಿ ಹೋಗೆಂದು ಬೈದರು. ಎಂಟನೆಯ ದಿನ ಎದ್ದು ಕೂತು ಅರ್ಧ ರೊಟ್ಟಿ ತಿಂದರು. ಗೆದ್ದೆವು ಅಂದುಕೊಂಡೆ, ಮೂರ್ಖ ನಾನು.

ತಿಂಗಳಾದ ಮೇಲೆ ಅಂಗಡಿಗೆ ಬಂದರು. ಬೆನ್ನು ನೆಟ್ಟಗಾಗುತ್ತಿರಲಿಲ್ಲ. "ಬ್ಯಾನಿ ತಡಿಯಾಕ ಆಗವಲ್ದೋ. ಇವತ್ತೊಂದಿನ ಕೊಡು." ಅವರು ನನ್ನ ಕಾಲು ಹಿಡಿದದ್ದು ಇನ್ನೂ ಸುಡುತ್ತಿತ್ತು. ಮತ್ತೊಮ್ಮೆ ಬೇಡಿಸಬಾರದೆಂದು ಹತ್ತು ಗುಳಿಗೆಯ ಒಂದು ಸ್ಟ್ರಿಪ್ ಕೊಟ್ಟೆ. ಹಳೆಯ ರೂಢಿಯಂತೆ ಹತ್ತೂ ನುಂಗಿದರು. ಮರುದಿನ ಬೆಳಿಗ್ಗೆ ಉಸಿರಿರಲಿಲ್ಲ.

ಬಿಟ್ಟು ತಿಂಗಳಾದರೆ ದೇಹಕ್ಕೆ ಮೊದಲಿನ ತಾಳಿಕೆ ಇರುವುದಿಲ್ಲ, ಹಳೆಯ ಪ್ರಮಾಣ ಉಸಿರನ್ನೇ ನಿಲ್ಲಿಸುತ್ತದೆ ಎಂದು ಡಾಕ್ಟರು ಹೇಳಿದರು. ನನ್ನ ಕಸುಬಿನ ಮಾತು ಅದು, ನನಗೆ ಗೊತ್ತಿರಬೇಕಿತ್ತು.

ಅವರ ಹೆಂಡತಿ ಈಗಲೂ ಬಿಪಿ ಗುಳಿಗೆಗೆ ನನ್ನಲ್ಲಿಗೇ ಬರುತ್ತಾರೆ. ಅಂಗಡಿಯಲ್ಲಿ ನಿಂತವರಿಗೆಲ್ಲ, "ಮಗನಂಗ ಕಾದಾನ್ರಿ ಇವ, ಎಂಟ ದಿನ" ಎಂದು ಹೇಳುತ್ತಾರೆ. ಕೊನೆಯ ಸ್ಟ್ರಿಪ್ ಕೊಟ್ಟವನು ನಾನೆಂದು ಅವರಿಗೆ ಇನ್ನೂ ಹೇಳಿಲ್ಲ.