ಅಳಿಯ ತಂದ ದೀಪ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕೀನ್ಯಾದ ವಿಕ್ಟೋರಿಯಾ ಸರೋವರದ ಮೇಲೆ ರಾತ್ರಿಯೆಲ್ಲ ದೀಪ ತೇಲಿಬಿಟ್ಟು ಒಮೆನಾ ಎಂಬ ಸಣ್ಣ ಮೀನು ಹಿಡಿದ ದೋಣಿಗಳು ಹೋಮಾ ಬೇ ಕಡೆಯ ದಡಕ್ಕೆ ಬರುತ್ತಿವೆ. ಹೆಂಗಸರೆಲ್ಲ ಮೀನಿಗೆ ಮುಗಿಬಿದ್ದರೆ, ದೀಪದ ಕಂಪನಿಗೆ ಹಳೆಯದನ್ನು ಕೂಡಿಸಿಕೊಟ್ಟು ಕೂಲಿ ಪಡೆಯುವ ಅಕೆಯೊ ಕೆಟ್ಟ ದೀಪಗಳಿಗೆ ಕೈಚಾಚುತ್ತಾಳೆ.

"ತಗೊಳಮ್ಮಾ ನಿನ್ನ ಹೆಣ," ಎಂದು ಒಬ್ಬ ಮೀನುಗಾರ ಉರಿಯದ ಸೌರದೀಪವನ್ನು ಎಸೆಯುತ್ತಾನೆ.

"ಹೆಣ ಅಲ್ಲ ಕಣಪ್ಪಾ, ಮೈಗೆ ಹುಷಾರಿಲ್ಲ ಅಷ್ಟೆ."

ದೀಪದ ಬೆನ್ನಿಗಿರುವ ಗುರುತಿಗೆ ಫೋನ್ ಹಿಡಿದರೆ ಅದರ ಜಾತಕವೇ ತೆರೆದುಕೊಳ್ಳುತ್ತದೆ. ಎಲ್ಲಿ ತಯಾರಾಯಿತು, ಯಾರು ಕೊಂಡರು, ಯಾವಾಗ ರಿಪೇರಿಯಾಗಿ ಮತ್ತೆ ಮಾರಾಟವಾಯಿತು, ಎಲ್ಲವೂ ಅಲ್ಲಿದೆ. ಕಂಪನಿಯವರು ಇದನ್ನು ಬ್ಲಾಕ್‌ಚೈನ್ ಅನ್ನುತ್ತಾರೆ, ಅಕೆಯೊ ಸರಪಳಿ ಅನ್ನುತ್ತಾಳೆ. ಒಂದೇ ಲೆಕ್ಕ ತಯಾರಕ, ಅಂಗಡಿಯವ, ರಿಪೇರಿಯವ ಎಲ್ಲರ ಹತ್ತಿರವೂ ಇರುವುದರಿಂದ ಒಬ್ಬರೇ ತಿದ್ದಲಾಗದು. ಮೊದಲೆಲ್ಲ ಒಂದೇ ದೀಪವನ್ನು ಹತ್ತು ಸಲ ಹಿಂದಿರುಗಿಸಿದಂತೆ ತೋರಿಸಿ, ವಾಪಸ್ ಕೊಟ್ಟ ದೀಪಕ್ಕೆ ಸಿಗುವ ಠೇವಣಿ ನುಂಗುವವರಿದ್ದರು, ಬ್ಯಾಟರಿಗಳು ಮಾತ್ರ ಸರೋವರದ ಪಾಲಾಗುತ್ತಿದ್ದವು. ಆ ಆಟ ನಿಂತಿದೆ. ಮೀನು ಒಣಗಿಸುತ್ತಿದ್ದ ಅಕೆಯೊಗೆ ಮೀನು ಕಮ್ಮಿಯಾದ ಮೇಲೆ ಅನ್ನ ಹಾಕಿದ್ದು ಇದೇ ಸರಪಳಿ.

ತಲೆ ತಗ್ಗಿಸುವಂತೆ ಮಾಡಿದ್ದೂ ಅದೇ.

ಕಳೆದ ಮಳೆಗಾಲಕ್ಕೆ ಮುಂಚೆ ಎಲ್ಲರೂ ಮಾಮಾ, ಅಂದರೆ ಅಮ್ಮ, ಎಂದು ಕರೆಯುವ ಪೆರೆಸ್ ಎಂಬ ವಿಧವೆ ಇದೇ ದಡಕ್ಕೆ ಉರಿಯದ ತಮ್ಮ ದೀಪ ತಂದರು. ಮದುವೆ ಮಾತಿಗೆ ಬಂದಾಗ ಅಳಿಯ ಓಗೊಲಾ ಹೊಸದೆಂದು ಕೊಟ್ಟದ್ದು ಅದು. ಅಕೆಯೊ ಫೋನ್ ಹಿಡಿದು, ಸುತ್ತ ಹೆಂಗಸರಿದ್ದರೂ, ಗಟ್ಟಿಯಾಗಿ ಓದಿದಳು: ಮೊದಲು ಬೇರೊಬ್ಬರದು, ಕೆಟ್ಟು ವಾಪಸ್, ರಿಪೇರಿ, ಆಮೇಲೆ ಕಡಿಮೆ ಬೆಲೆಗೆ ಓಗೊಲಾಗೆ.

"ಅಯ್ಯೋ, ಹಳೇ ದೀಪಕ್ಕೆ ಮಗಳನ್ನ ಕೊಟ್ಲಲ್ರೇ!" ಎಂದಳು ಒಬ್ಬಳು. ದಡವೆಲ್ಲ ನಕ್ಕಿತು. ಪೆರೆಸ್ ದೀಪವನ್ನು ಮೇಲುಹೊದಿಕೆಯಲ್ಲಿ ಸುತ್ತಿಕೊಂಡು ಹೋದರು. ನಮ್ಮಲ್ಲಿ ಅತ್ತೆಯ ಮುಂದೆ ಅಳಿಯ ತಲೆ ಎತ್ತಿ ಮಾತಾಡುವುದೂ ಕಷ್ಟ. ಸುದ್ದಿ ತಿಳಿದ ಓಗೊಲಾ ಆಮೇಲೆ ಆ ಅಂಗಳ ತುಳಿದಿಲ್ಲ, ಮಗಳೂ ಬಂದಿಲ್ಲ.

"ನಾನೇನೋ ಜಂಬ ಕೊಚ್ಕೊಳಕ್ಕೆ ಹೋದೆ. ನೋಡ್ರೇ, ನನಗೆ ಎಷ್ಟೆಲ್ಲ ಓದಕ್ಕೆ ಬರತ್ತೆ ಅಂತ. ಈಗ ನೆನೆಸ್ಕೊಂಡ್ರೆ ಮುಖ ಎಲ್ಲಿಟ್ಕೊಳ್ಳಲಿ ಅನ್ಸತ್ತೆ," ಎನ್ನುತ್ತಾಳೆ ಅಕೆಯೊ. ಈಗ ಆಕೆ ಯಾರ ದೀಪದ ಕಥೆಯನ್ನೂ ಬಾಯಿಬಿಟ್ಟು ಓದುವುದಿಲ್ಲ, ಪರದೆಗೆ ಮೇಲುಹೊದಿಕೆ ಮರೆಮಾಡಿಕೊಂಡೇ ನೋಡುತ್ತಾಳೆ. ಆದರೆ ಅವತ್ತೇ ಬ್ಯಾಟರಿ ಉಬ್ಬಿದ್ದ ಆ ದೀಪ ಪೆರೆಸ್ ಮನೆಯಲ್ಲೇ ಕೂತಿದೆ. ಬೆಂಕಿ ಹತ್ತಿಕೊಂಡರೆ ಹುಲ್ಲಿನ ಮಾಡು ಉಳಿಯುವುದಿಲ್ಲ. ಅದಕ್ಕೇ ಅಕೆಯೊ ವಾರಕ್ಕೊಮ್ಮೆ ಆ ಮನೆಯ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಾಳೆ. ಈ ದಿನ ನೆರೆಮನೆಯ ನಾನೂ ಜೊತೆಗೆ ಹೋಗುತ್ತೇನೆ.

"ಯಾರು?" ಒಳಗಿನಿಂದ ದನಿ.

"ನಾನು ಮಾಮಾ, ಅಕೆಯೊ."

"ಫೋನ್ ತಂದಿದ್ದೀಯಾ?"

"ಹೂಂ."

"ಹಂಗಾದ್ರೆ ಅಲ್ಲಿಂದ್ಲೇ ಹೋಗು."

ಅಕೆಯೊ ಫೋನನ್ನು ನನ್ನ ಕೈಗೆ ತುರುಕಿ, ಖಾಲಿ ಕೈ ಎತ್ತಿ ತೋರಿಸುತ್ತಾಳೆ. ಪೆರೆಸ್ ಹೊಸ್ತಿಲಿಗೆ ಬರುತ್ತಾರೆ.

"ಅದು ಹಳೇದು ಅಂತ ನನಗೆ ಅವತ್ತೇ ಗೊತ್ತಿತ್ತು ಕಣೇ. ಅದರ ಮೈಮೇಲಿನ ಗೀರು ನನ್ನ ಕಣ್ಣಿಗೆ ಕಾಣಲ್ವಾ? ಹುಡುಗನ ಹತ್ರ ಇದ್ದಿದ್ದೇ ಅಷ್ಟು, ಆದ್ರೂ ಬರಿಗೈಲಿ ಬರ್ಲಿಲ್ಲ. ಅವನ ಮಾನ ನಾನು ಮುಚ್ಚಿಟ್ಟಿದ್ದೆ. ನೀನು ಮೀನಿನ ಜೊತೆ ಬಿಸಿಲಿಗೆ ಹರಡಿದೆ."

ಅಕೆಯೊ ಕಣ್ಣು ನೆಲಕ್ಕೆ ನೆಟ್ಟಿದೆ.

"ತಪ್ಪಾಯ್ತು ಮಾಮಾ. ನನ್ನನ್ನ ಬಯ್ಯಿ, ಪರವಾಗಿಲ್ಲ. ಆ ದೀಪ ಮಾತ್ರ ಮನೆ ಒಳಗೆ ಇಟ್ಕೋಬೇಡ."

"ಮರಳಿನ ಡಬ್ಬದಲ್ಲಿ ಹಾಕಿ ಅಂಗಳದಲ್ಲಿ ಇಡ್ತೀನಿ. ಓಗೊಲಾ ಈ ಅಂಗಳಕ್ಕೆ ಬಂದು ಊಟ ಮಾಡಿದ ದಿನ ಬಾ, ಕೊಡ್ತೀನಿ."

ಅಕೆಯೊ ದಡದ ಕಡೆ ಹೆಜ್ಜೆ ಹಾಕುತ್ತಾಳೆ. ದಡ ಕಾಣುವ ತಿರುವಿನಲ್ಲಿ ನಾನು ಫೋನ್ ಚಾಚುತ್ತೇನೆ. ಆಕೆ ಕೈ ಮುಂದೆ ಮಾಡುವುದಿಲ್ಲ.

"ನಾಳೆ ನಾನು ವಾಪಸ್ ಬರೋವರೆಗೂ ನಿನ್ನ ಹತ್ರಾನೇ ಇರ್ಲಿ. ಬೆಳಗ್ಗೆ ದೋಣಿ ಹತ್ತಿ ಓಗೊಲಾನ ಊರಿಗೆ ಹೋಗ್ತೀನಿ. ಇದು ಕೈಯಲ್ಲಿದ್ರೆ ಅವನು ಬಾಗಿಲು ತೆಗೆಯಲ್ಲ."