ಮಾರೂನ್ ಸೀರೆಯ ಪರ, ವಿರೋಧ

ವರನನ್ನು ಒಪ್ಪಲು ನಮ್ಮಕ್ಕನಿಗೆ ಹತ್ತು ನಿಮಿಷ ಸಾಕಾಯಿತು. ಸೀರೆ ಒಪ್ಪಲು ಇಡೀ ಮಧ್ಯಾಹ್ನ ಬೇಕಾಯಿತು.

ಕಳೆದ ವಾರ ಅವಳ ಮದುವೆಯ ಜವಳಿ ತೆಗೆಯಲು ಬನಹಟ್ಟಿಗೆ ಹೋಗಿದ್ದೆವು. ಜವಳಿ ತೆಗೆಯುವುದೆಂದರೆ ಗೊತ್ತಲ್ಲ? ಎರಡೂ ಮನೆಯವರು ಒಂದೇ ಅಂಗಡಿಯ ಗಾದಿ ಮೇಲೆ ಎದುರುಬದುರು ಕೂತು, ಚಹಾ ಕುಡಿಯುತ್ತ, ಒಬ್ಬರ ಮುಖ ಇನ್ನೊಬ್ಬರು ಅಳೆಯುವ ಕಾರ್ಯಕ್ರಮ. ಧಾರೆ ಸೀರೆ ಗಂಡಿನ ಕಡೆಯವರದು. ಹಾಗಾಗಿ ಆಯ್ಕೆಯೂ ಅವರದೇ. (ಉಡುವವಳನ್ನು ಯಾರೂ ಕೇಳುವುದಿಲ್ಲ. ಈ ನಿಯಮ ಮಾಡಿದವರು ಎಂದೂ ಸೀರೆ ಉಟ್ಟಿರಲಿಕ್ಕಿಲ್ಲ.)

ಮುಧೋಳದ ಬೀಗಿತಿ, ಅಂದರೆ ಅಕ್ಕನ ಅತ್ತೆಯಾಗುವವರು, ಒಂದು ಮಾರೂನ್ ಸೀರೆಯ ಮೇಲೆ ಕೈ ಇಟ್ಟರು. "ಇದ ಆಗಲಿ."

ಅಕ್ಕನ ಕಣ್ಣು ಪಕ್ಕದ ಗಿಳಿಹಸಿರಿನ ಮೇಲೆ. ಬಾಯಿ ಬಿಡುವಂತಿಲ್ಲ. ಬಿಡದಿದ್ದರೆ ಜೀವನವಿಡೀ ಮದುವೆ ಆಲ್ಬಮಿನಲ್ಲಿ ಮಾರೂನ್. ಹಿಂದಿನ ಓಣಿಯಲ್ಲಿ ಮಗ್ಗ ಖಟಖಟ ಅನ್ನುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ. ಅವ್ವ ತೊಡೆ ಚಿವುಟಿದಳು.

"ಸುಮ್ಮನ ಕುಂದರ್ಲೇ. ಇದು ನಿನ್ನ ಕಾಲೇಜ್ ಡಿಬೇಟ್ ಅಲ್ಲ."

ಯಾವ ವಿಷಯ ಕೊಟ್ಟರೂ ಪರ, ವಿರೋಧ ಎರಡೂ ಕಡೆ ಮಾತಾಡಿ ಕಪ್ ಗೆದ್ದವನು ನಾನು. ಒಂದು ಬಣ್ಣದ ವಿರುದ್ಧ ಒಂದು ವಾಕ್ಯ ಆಡಲಾಗಲಿಲ್ಲ.

ಆಗ ಅಂಗಡಿಯ ಗುರಪ್ಪಣ್ಣ ಮಾರೂನ್ ಸೀರೆಯ ಸೆರಗು ಬಿಚ್ಚಿ ಬೀಗಿತಿಯ ಕೈಗೇ ಕೊಟ್ಟರು.

"ಅಕ್ಕಾರ, ಹೆಗಲ ಮ್ಯಾಲ ಹಾಕ್ಕೊಂಡು ನೋಡ್ರಿ. ಈ ಬಣ್ಣಕ್ಕ ಗತ್ತು ಬೇಕ್ರಿ. ಎಳೇ ಹುಡುಗಿ ಮೈಮ್ಯಾಲ ಇದು ಸೋಲತೈತಿ."

ಬೀಗಿತಿ ಕನ್ನಡಿ ನೋಡಿದರು. ಎಡಕ್ಕೆ ತಿರುಗಿ ನೋಡಿದರು. ಬಲಕ್ಕೂ.

"ಹಂಗಂತೀರಿ?"

"ನಾ ಏನ್ ಅನ್ಲೆರಿ, ಕನ್ನಡೀನ ಅನ್ನಾಕತ್ತೈತಿ."

"ಮತ್ತ ಹುಡುಗಿಗೆ?"

ಗುರಪ್ಪಣ್ಣ ಭಾರೀ ಯೋಚಿಸಿದಂತೆ ಮಾಡಿ (ಅಕ್ಕನ ಕಣ್ಣು ಎಲ್ಲಿದೆಯೆಂದು ಆಗಲೇ ನೋಡಿಟ್ಟಿದ್ದರು) ಗಿಳಿಹಸಿರನ್ನು ಮುಂದೆ ಸರಿಸಿದರು.

ಮುಂದಿನ ಚಹಾ ಆರುವುದರೊಳಗೆ ಜವಳಿ ಆತು. ಬೀಗಿತಿ ಖುಷ್. ಅಕ್ಕ ಖುಷ್. ಒಂದು ಮಾರುವಲ್ಲಿ ಎರಡು ಮಾರಿದ ಗುರಪ್ಪಣ್ಣ ಎಲ್ಲರಿಗಿಂತ ಖುಷ್.

ಜಮಖಂಡಿಯ ಹೊಸ ಬಟ್ಟೆ ಶೋರೂಮಿನವರ ಹತ್ತಿರ ನನ್ನ ಮೊಬೈಲ್ ನಂಬರ್ ಇದೆ, ಹುಟ್ಟಿದ ದಿನ ಇದೆ. ಹಬ್ಬಕ್ಕೊಮ್ಮೆ 'ಡಿಯರ್ ಕಸ್ಟಮರ್' ಎಂದು ಮೆಸೇಜು ಕಳಿಸುತ್ತಾರೆ. ನನ್ನ ಬಗ್ಗೆ ಅವರಿಗೆ ಎಲ್ಲ ಗೊತ್ತು, ನನ್ನ ಮುಖ ಒಂದನ್ನು ಬಿಟ್ಟು. ಇದಕ್ಕೆ ಸ್ಟ್ರಾಟಜಿ ಅನ್ನುತ್ತಾರಂತೆ. ಹಾಗಾದರೆ ಗುರಪ್ಪಣ್ಣ ಮಾಡಿದ್ದಕ್ಕೆ ಏನನ್ನೋಣ?

ಆದರೂ ಸುಮ್ಮನೆ ಒಪ್ಪಿಕೊಂಡರೆ ನಾನು ನಾನಲ್ಲ. ಚಪ್ಪಲಿ ಮೆಟ್ಟುವಾಗ ಅವರನ್ನು ಹಿಡಿದೆ. "ಆ ಸೀರಿ ಬೀಗಿತಿಯವರಿಗೆ ಖರೇನ ಒಪ್ಪಿತ್ತೋ, ನೀವು ವ್ಯಾಪಾರ ಮಾಡಿದ್ರೋ?"

"ಎರಡೂ, ತಮ್ಮಾ."

ಎದುರಾಳಿ ಒಪ್ಪಿಕೊಂಡುಬಿಟ್ಟರೆ ಮುಂದೇನು ಮಾಡಬೇಕೆಂದು ಡಿಬೇಟಿನಲ್ಲಿ ಯಾರೂ ಕಲಿಸಿರಲಿಲ್ಲ. ಗುರಪ್ಪಣ್ಣ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಇಷ್ಟು ಪ್ರಶ್ನೆ ಕೇಳೋ ಮುಖಕ್ಕ ತಿಳಿನೀಲಿ ಭಾಳ ಛಲೋ ಒಪ್ಪತೈತಿ. ಶರ್ಟ್ ಪೀಸ್ ತಗೀಲೇನು?"

ತಿಳಿನೀಲಿ ಶರ್ಟ್ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ನನಗದು ಖರೇನೇ ಒಪ್ಪುತ್ತದೆ. ವಿರೋಧವಾಗಿ ಮಾತಾಡುವವರು ಯಾರಾದರೂ ಇದ್ದೀರಾ?