ಹೆಸರು ಹಾಕದ ಹೇಳಿಕೆ

ಮತ ಎಣಿಕೆಯ ಮರುದಿನ ಗೆದ್ದವರಿಗಿಂತ ಹೆಚ್ಚು ಬೀಗುವವರು ನಮ್ಮಂಥ ರಾಜಕೀಯ ವರದಿಗಾರರು. ಗೆದ್ದವನು ಗುಲಾಲು ತೊಳೆದುಕೊಂಡು ಮಲಗಿರುತ್ತಾನೆ. ನಾವು ಮಾತ್ರ ಮತಗಟ್ಟೆವಾರು ಪಟ್ಟಿ ಹರವಿಕೊಂಡು, ಯಾವ ಓಣಿ ಯಾರನ್ನು ಮುಳುಗಿಸಿತು, ಯಾವ ಕೇರಿ ಯಾರ ಬೆನ್ನಿಗೆ ನಿಂತಿತು ಎಂದು ಜ್ಯೋತಿಷಿಗಳ ಹಾಗೆ ಹೇಳುತ್ತಿರುತ್ತೇವೆ. ಆಗಿಹೋದದ್ದನ್ನು ಹೇಳುವ ಜ್ಯೋತಿಷಿಗೆ ತಪ್ಪುವ ಭಯವಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳ ರಾಜಕೀಯವನ್ನು ಒಂದೇ ಬೈಕಿನ ಮೇಲೆ ತಿರುಗಿ ಬರೆದವನು ನಾನು. ಮತಗಟ್ಟೆ ವಿಶ್ಲೇಷಣೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಜಿಲ್ಲೆಯ ಪತ್ರಕರ್ತರೇ ಹೇಳುತ್ತಿದ್ದರು. ಅದನ್ನು ಕೇಳಿ ಕೇಳಿ ನನಗೂ ಕೋಡು ಮೂಡಿದ್ದವು.

ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಆದ ಅನಾಹುತವೇ ಸಾಕು. ಊರಿಗೊಬ್ಬರು ಮುಖಂಡರಿದ್ದರು. ಎಲ್ಲರೂ ಅವರನ್ನು ಧಣಿ ಎನ್ನುತ್ತಿದ್ದರು. ಚುನಾವಣೆ ಯಾವುದೇ ಇರಲಿ, ‘ನಮ್ಮೂರಿನ ಮತಗಳು ನನ್ನ ಕಿಸೆಯಲ್ಲಿವೆ’ ಎಂದು ಅವರು ಪಕ್ಷದವರಿಗೆ ಮಾತು ಕೊಡುತ್ತಿದ್ದರು. ಆ ಸಲ ಊರಿನ ಎರಡು ಮತಗಟ್ಟೆಗಳಲ್ಲಿ ಒಂದು ಕೈಕೊಟ್ಟಿತು. ಧಣಿಯ ಅಭ್ಯರ್ಥಿಗೆ ಅಲ್ಲಿ ಹಿನ್ನಡೆ. ಪಟ್ಟಿಯಲ್ಲಿ ಅದನ್ನು ಕಂಡಾಗ ನನಗೆ ಹಸಿದವನಿಗೆ ಅನ್ನ ಕಂಡಷ್ಟು ಸಂತೋಷವಾಯಿತು. ಆ ಮತಗಟ್ಟೆಗೆ ಮತ ಹಾಕುವುದು ಊರ ಹೊರಗಿನ ಕೇರಿಯ ಜನ. ಬೈಕ್ ಹತ್ತಿ ಅಲ್ಲಿಗೆ ಹೋದೆ.

ಗಂಡಸರು ಯಾರೂ ಬಾಯಿ ಬಿಡಲಿಲ್ಲ. ಕಡೆಯ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಕುಳಿತು ಒಬ್ಬ ಹೆಣ್ಣುಮಗಳು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಐವತ್ತರ ಆಸುಪಾಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅಲ್ಲಿ ಅಡುಗೆಗೆ ಇಬ್ಬರು, ಊರೊಳಗಿನಿಂದ ಒಬ್ಬಳು, ಕೇರಿಯಿಂದ ಈಕೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರೊಳಗಿನ ಕೆಲವು ಮನೆಗಳವರು ಮಕ್ಕಳಿಗೆ ಮನೆಯಿಂದಲೇ ಡಬ್ಬಿ ಕಟ್ಟಿ ಕಳಿಸುತ್ತಿದ್ದರಂತೆ. ಆಕೆ ಯಾರಿಗೂ ಏನೂ ಅನ್ನಲಿಲ್ಲ. ಒಗ್ಗರಣೆ ವಾಸನೆ ಮೂಗಿಗೆ ಬಡಿದ ಮೇಲೆ ಮಕ್ಕಳೇ ಒಬ್ಬೊಬ್ಬರಾಗಿ ಡಬ್ಬಿ ಬಿಟ್ಟು ಸಾಲಿನಲ್ಲಿ ಬಂದು ಕುಳಿತರು. ಇದನ್ನು ಆಕೆ ನಗುತ್ತ ಹೇಳಿದಳು. ಅವಳ ಬಾಳಿನಲ್ಲಿ ಅವಳೇ ಗೆದ್ದ ಚುನಾವಣೆ ಅದು. ನನ್ನ ಲಕ್ಷ್ಯ ಅಲ್ಲಿರಲಿಲ್ಲ.

“ಈ ಸಲ ಯಾಕಕ್ಕಾ, ಧಣಿ ಮಾತು ನಡೀಲಿಲ್ಲ?” ಎಂದು ಕೇಳಿದೆ.

“ಚುನಾವಣಿ ಬಂದಾಗಷ್ಟ ಅವರಿಗೆ ನಮ್ಮ ಕೇರಿ ದಾರಿ ಕಾಣ್ತೈತ್ರಿ ಅಣ್ಣಾರ. ಅದಕ್ಕ ಈ ಸಲ ಅವರು ತೋರಿಸಿದ್ದು ಬಿಟ್ಟು ನಮಗ ಬೇಕಾದ್ದು ಒತ್ತೇವಿ.” ಅಷ್ಟು ಹೇಳಿ, “ನನ್ನ ಹೆಸರು ಹಾಕಬ್ಯಾಡ್ರಿ ಮತ್ತ” ಎಂದಳು.

ಹೆಸರು ಹಾಕಲಿಲ್ಲ. ‘ಶಾಲೆಯಲ್ಲಿ ಅಡುಗೆ ಮಾಡುವ ಕೇರಿಯ ಮಹಿಳೆಯೊಬ್ಬರು’ ಎಂದು ಬರೆದೆ. ಹಾಗೆ ಬರೆಯದಿದ್ದರೆ ನಾನು ಕೇರಿಗೆ ಹೋಗಿದ್ದೆ ಎಂದು ಸಂಪಾದಕರಿಗೆ ಗೊತ್ತಾಗುವುದು ಹೇಗೆ? ಅವಳ ಮಾತನ್ನೇ ಅವರು ತಲೆಬರಹ ಮಾಡಿದರು. ಅವತ್ತು ನನಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ. ನಮ್ಮ ಸವಣೂರಿನ ಚಹದಂಗಡಿಯಲ್ಲಿ ಗೆಳೆಯರಿಗೆಲ್ಲ ಖಾರಾ ತಿನ್ನಿಸಿದೆ. ಮನೆಯಲ್ಲಿ ಹೆಂಡತಿ ಒಬ್ಬಳೇ ಪತ್ರಿಕೆ ಓದಿ, “ಆ ಸಾಲ್ಯಾಗ ಅಡಿಗಿ ಮಾಡಾವ್ರು ಎಷ್ಟು ಮಂದಿ?” ಎಂದು ಕೇಳಿದಳು. ಇಬ್ಬರು ಎಂದೆ. “ಅವರೊಳಗ ಕೇರಿಯಾಕಿ?” ಎಂದಳು. ಪತ್ರಿಕೆ ಮಡಚಿಟ್ಟು ಎದ್ದುಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ್ದು ಆ ಅಡುಗೆಯವಳಾದರೂ ಅದನ್ನು ಊರಿಗೆಲ್ಲ ಹಂಚಿದವನು ನಾನು.

ವಾರ ಕಳೆದಿರಲಿಲ್ಲ, ಬೆಳಗಿನ ಬಸ್ಸಿಗೆ ಅವಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಒಳಗೆ ಬಾ ಎಂದರೂ ಬರದೆ ಕಟ್ಟೆಯ ಮೇಲೆ ಕುಳಿತಳು. ಸೆರಗಿನಲ್ಲಿ ಪತ್ರಿಕೆಯ ಎರಡು ತುಂಡುಗಳನ್ನು ಮಡಚಿ ಇಟ್ಟುಕೊಂಡಿದ್ದಳು. ವರದಿ ಬಂದ ಮೂರನೆಯ ದಿನ ಶಾಲೆಯಲ್ಲಿ ಐದಾರು ಮಕ್ಕಳು ಮತ್ತೆ ಡಬ್ಬಿ ತಂದಿದ್ದರಂತೆ. ಮರುದಿನ ಅರ್ಧ ಶಾಲೆಯೇ ತಂದಿತ್ತು. ಅದರ ಮರುದಿನ, ಅಡುಗೆ ಸ್ವಚ್ಛ ಇಲ್ಲವೆಂದು ಪಾಲಕರು ದೂರು ಕೊಟ್ಟಿದ್ದಾರೆ, ಶಾಲಾ ಸಮಿತಿ ಸಭೆ ಸೇರುವವರೆಗೆ ಕೆಲಸಕ್ಕೆ ಬರಬೇಡ ಎಂದು ಹೇಳಿ ಕಳಿಸಿದರು. ಸಮಿತಿಯ ಅಧ್ಯಕ್ಷ ಧಣಿಯ ಅಳಿಯ. ಯಾರೂ ಮತದ ಮಾತೆತ್ತಲಿಲ್ಲ. ನಮ್ಮ ಕಡೆ ಸೇಡು ಯಾವತ್ತೂ ಸೇಡಿನ ಹೆಸರಿನಲ್ಲಿ ಬರುವುದಿಲ್ಲ.

“ಮಕ್ಕಳು ನನ್ನ ಮಾರಿ ನೋಡಲಾರದ ಡಬ್ಬಿ ಬಿಚ್ಚಿದ್ರು ಅಣ್ಣಾರ” ಎಂದಳು. ಆಮೇಲೆ ಕೆಲಸದ ಮಾತಿಗೆ ಬಂದಳು. “ಮೂರು ಸಾಲು ಹಾಕ್ರಿ. ಆ ಅಡಿಗಿ ಮಾಡಾಕಿ ಹಂಗ ಅಂದಿಲ್ಲ, ತಪ್ಪಾಗಿ ಬಂದೈತಿ ಅಂತ. ಸಭಾ ಆಗೂದ್ರಾಗ ಬಂದ್ರ ನನ್ನ ಕೆಲಸ ಉಳೀತೈತಿ.”

“ಬರದದ್ದು ಖರೆ ಐತಲ್ಲಕ್ಕಾ. ಖರೇದನ್ನ ಸುಳ್ಳು ಅಂತ ಹೆಂಗ ಹಾಕ್ಲಿ?”

“ಖರೆ ಇದ್ದದ್ದಕ್ಕ ಬಂದೇನ್ರಿ. ಸುಳ್ಳಾಗಿದ್ರ ನನಗ್ಯಾಕ ಅಂಜಿಕಿ ಇರ್ತಿತ್ತು?”

ಹಾಗೆಂದು ಎರಡನೆಯ ತುಂಡನ್ನು ನನ್ನ ಕೈಯಲ್ಲಿಟ್ಟಳು. ಆರು ತಿಂಗಳ ಹಿಂದೆ, ಕೆರೆ ಜಾಗದ ಒತ್ತುವರಿಯ ಸುದ್ದಿಯಲ್ಲಿ ಧಣಿಯ ಹೆಸರು ಬಂದಾಗ ನಾನೇ ಹಾಕಿದ ಸ್ಪಷ್ಟನೆ ಅದು. ಒತ್ತುವರಿ ಆಗಿದ್ದು ಖರೆ, ಕಣ್ಣಾರೆ ನೋಡಿದ್ದೆ. ಧಣಿಯ ಒಂದು ಫೋನಿಗೆ ‘ವರದಿಯಲ್ಲಿ ಹುರುಳಿಲ್ಲ’ ಎಂದು ಮೂರು ಸಾಲು ಬರೆದು ಕಳಿಸಿದ್ದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಯಾರೋ ಓದಿ ಹೇಳಿದ್ದಿರಬೇಕು. “ಅವರಿಗೆ ಹಾಕಿದ್ರಲ್ಲ, ನನಗೂ ಹಂಗ ಹಾಕ್ರಿ” ಎಂದಳು, ಚುಚ್ಚುವ ದನಿಯಲ್ಲಲ್ಲ, ಅಂಗಡಿಯಲ್ಲಿ ನನಗೂ ಅದೇ ಅಳತೆಯಲ್ಲಿ ಕೊಡಿ ಎಂದು ಕೇಳಿದ ಹಾಗೆ.

ಸಂಪಾದಕರನ್ನು ಕೇಳಿ ಹೇಳುತ್ತೇನೆ ಎಂದೆ. ಕೇಳಲಿಲ್ಲ. ಜಿಲ್ಲೆಯೆಲ್ಲ ಮೆಚ್ಚಿದ ವರದಿಯನ್ನು ನಾನೇ ಸುಳ್ಳೆಂದು ಒಪ್ಪಿಕೊಳ್ಳುವುದೆಂದರೆ ಕಟ್ಟಿಕೊಂಡ ಹೆಸರಿಗೆ ನಾನೇ ಮಸಿ ಬಳಿದಂತೆ. ಅವಳ ಕೆಲಸಕ್ಕೆ ಬೇರೆ ದಾರಿ ಸಿಕ್ಕೀತು, ಅಧಿಕಾರಿಗಳಿಗೆ ಒಂದು ಮಾತು ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಆ ಮಾತನ್ನೂ ಯಾರಿಗೂ ಹೇಳಲಿಲ್ಲ.

ನನ್ನ ದಾರಿ ಕಾದು ಬೇಸತ್ತು, ಸಭೆಯ ಹಿಂದಿನ ದಿನ ಅವಳೇ ಧಣಿಯ ಮನೆಗೆ ಹೋದಳು. ಆ ಹೊತ್ತಿಗೆ ನಾನು ಹಾನಗಲ್ಲಿನ ಪ್ರವಾಸಿ ಮಂದಿರದ ಮುಂದೆ ಒಂದು ಸುದ್ದಿಗೋಷ್ಠಿಗೆ ಕಾಯುತ್ತ ನಿಂತಿದ್ದೆ. ಸುತ್ತ ಬೇರೆ ಪತ್ರಿಕೆಗಳ ನಾಲ್ಕೈದು ಮಂದಿ. ಧಣಿಯ ಫೋನು ಬಂತು.

“ರಿಪೋರ್ಟರ್ ಸಾಹೇಬ್ರ, ಇಲ್ಲಿ ನಮ್ಮ ಸಾಲಿ ಅಡಿಗಿಯಾಕಿ ಬಂದಾಳ. ತಾನು ಹಂಗ ಅಂದೇ ಇಲ್ಲ, ನೀವ ನಿಮ್ಮ ತಲ್ಯಾಗಿಂದು ಬರದೀರಿ ಅಂತಾಳ. ಸ್ಪೀಕರ್ ಹಾಕೇನಿ, ಊರಿನ ಹಿರ್ಯಾರು ಕುಂತಾರ, ಆಕೀನೂ ಕೇಳಾಕತ್ತಾಳ. ನೀವು ‘ಹೌದು, ಆಕಿ ಅಂದಿಲ್ಲ’ ಅಂದ್ರ ಇಲ್ಲಿಗೆ ಮುಗೀತು. ನಾಳಿಂದ ಕೆಲಸಕ್ಕ ಬರ್ಲಿ.”

ಧಣಿ ಎಷ್ಟು ಜಾಣರೆಂದು ಆಗ ಹೊಳೆಯಲಿಲ್ಲ. ನಾನು ಸುಳ್ಳು ಹೇಳಿದರೆ ವರದಿ ಸುಳ್ಳಾಗುತ್ತದೆ, ಖರೆ ಹೇಳಿದರೆ ಅವಳು ಸಿಕ್ಕಿಬೀಳುತ್ತಾಳೆ. ಎರಡರಲ್ಲೂ ಅವರಿಗೆ ಲಾಭವೇ. ಆದರೆ ನನಗೆ ಕಂಡದ್ದು ಇಷ್ಟೇ: ಫೋನಿನಾಚೆಗೂ ಕೇಳುವ ಧಣಿಯ ದೊಡ್ಡ ದನಿಗೆ ಪಕ್ಕದಲ್ಲಿ ನಿಂತವರು ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾರೆ. ಮಂತ್ರಿಗಳಿಗಾಗಿ, ಅವರ ಮಕ್ಕಳಿಗಾಗಿ, ಒಂದು ಊಟಕ್ಕಾಗಿ ಕೂಡ ಸುಳ್ಳು ಹೇಳಿದ ನಾಲಿಗೆ ಇದು. ಒಂದು ‘ಹೌದು’ ಅದಕ್ಕೆ ಭಾರವಾಗುತ್ತಿರಲಿಲ್ಲ.

“ನಾ ಇಲ್ಲದ್ದು ಬರಿಯಾವಲ್ಲರಿ. ಆಕಿ ಹೇಳಿದ್ದನ್ನ ಬರದೇನಿ” ಎಂದೆ.

ಆ ಕಡೆ ಯಾರೋ ಕೆಮ್ಮಿದರು. ಆಮೇಲೆ ಅವಳ ದನಿ, ದೂರದಿಂದ, ಆದರೆ ಸ್ಪಷ್ಟವಾಗಿ ಕೇಳಿಸಿತು.

“ಹೌದ್ರಿ ಧಣ್ಯಾರ. ಹೇಳೇನ್ರಿ. ಅವರು ಬರದದ್ದು ಖರೆ ಐತಿ.”

ಫೋನು ಕಟ್ಟಾಯಿತು. ಹಿರಿಯ ಪತ್ರಕರ್ತರೊಬ್ಬರು ನನ್ನ ಬೆನ್ನು ತಟ್ಟಿ, “ಧಣಿ ಮುಂದ ಹಿಂಗ ನಿಲ್ಲಾಕ ಗುಂಡಿಗಿ ಬೇಕು” ಎಂದರು. ನಾಚಿಕೆಯಿಂದ ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು. ಒಳಗಿನಿಂದ ಕರೆ ಬಂತು, ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆ.

ಸಭೆಯಲ್ಲಿ ಅವಳನ್ನು ಕೆಲಸದಿಂದ ತೆಗೆದರು. ಮುಂದೆ ಅವಳು ಸವಣೂರಿನ ವೀಳ್ಯದೆಲೆ ತೋಟಗಳಿಗೆ ಕೂಲಿಗೆ ಬರತೊಡಗಿದಳು ಎಂದು ಕೇಳಿದೆ. ಬಸ್ ನಿಲ್ದಾಣದ ಕಡೆ ಹೋಗಬೇಕಾದಾಗ, ಅವಳು ಎದುರಾದಾಳೆಂದು ಎಷ್ಟೋ ದಿನ ಬೇರೆ ಓಣಿ ಹಿಡಿದು ಹೋದದ್ದುಂಟು. ಆ ವರದಿಗೆ ವರ್ಷದ ಕೊನೆಗೆ ಒಂದು ಶಾಲು, ಒಂದು ಹಾರ ಬಂದವು. ಬೇಡ ಎನ್ನಲು ಬಾಯಿ ಬರಲಿಲ್ಲ.

ಮುಂದಿನ ಚುನಾವಣೆ ಬಂದಾಗ ಗಟ್ಟಿ ಮನಸ್ಸು ಮಾಡಿ ಕೇರಿಗೆ ಹೋದೆ. ಕ್ಷಮೆ ಕೇಳಬೇಕೆಂದಿದ್ದೆ. ದಾರಿಯುದ್ದಕ್ಕೂ ಜನ ಬಾಗಿಲಲ್ಲಿ ನಿಂತಿದ್ದರು, ಬೈಕು ಹತ್ತಿರವಾದಂತೆ ಒಳಗೆ ಹೋದರು. ಅವಳು ಮಾತ್ರ ಹೋಗಲಿಲ್ಲ. ಮೈ ಸೊರಗಿತ್ತು, ಬೆರಳ ತುದಿಗಳು ಎಲೆಯ ಕರೆಯಿಂದ ಕಪ್ಪಾಗಿದ್ದವು. ಚಾಪೆ ಹಾಸಿ, “ಕುಂದರ್ರಿ ಅಣ್ಣಾರ” ಎಂದು ಚಹಾ ಕೊಟ್ಟಳು. ಕ್ಷಮೆಯ ಬದಲು, ಇಪ್ಪತ್ತು ವರ್ಷದ ರೂಢಿಯಂತೆ, ಬೇರೆ ಮಾತೇ ಹೊರಗೆ ಬಂತು. “ಈ ಸಲ ನಿಮ್ಮ ಕೇರಿಯಾಗ ಹೆಂಗೈತಕ್ಕಾ ಹವಾ?”

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ.

“ನಮಗೇನು ತಿಳೀತೈತ್ರಿ” ಎಂದಳು. “ಚಾ ಆರತೈತಿ, ಕುಡೀರಿ.”

ಕುಡಿದು ಎದ್ದು ಬಂದೆ. ಮರುದಿನ ಪತ್ರಿಕೆಯಲ್ಲಿ ‘ಕ್ಷೇತ್ರದಲ್ಲಿ ಗುಟ್ಟು ಬಿಡದ ಮತದಾರ’ ಎಂದು ನನ್ನ ಹೆಸರಿನಲ್ಲೇ ವರದಿ ಬಂತು.